ಮೀನಿಗೆ ನಮ್ಮ ಗುರುತು ಸಿಗುತ್ತದೆಯೇ?



ರಾಜಾಜಿನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆ ಆರು ಗಂಟೆ. ನಡುಮನೆಯ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಗೋಲ್ಡ್ ಫಿಶ್. ಅಜ್ಜಿ ಅಡುಗೆಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ನಾಲ್ಕೂ ಮೀನುಗಳು ಮುಂದಿನ ಗಾಜಿಗೆ ಮೂತಿ ಒತ್ತಿ ಮೈ ಬಳುಕಿಸತೊಡಗುತ್ತವೆ.

"ನೋಡಿದ್ಯೇನೋ, ನಾನಂದ್ರೆ ಅವಕ್ಕೆ ಎಷ್ಟು ಪ್ರೀತಿ!" ಎನ್ನುತ್ತಾರೆ ಅಜ್ಜಿ.

ಪಿ.ಯು.ಸಿ. ಓದುತ್ತಿರುವ ಮೊಮ್ಮಗ ನಗುತ್ತಾನೆ. "ಅಜ್ಜಿ, ಅವು ನೋಡ್ತಿರೋದು ನಿನ್ನನ್ನಲ್ಲ, ನಿನ್ನ ಕೈಲಿರೋ ಡಬ್ಬೀನ. ಮೀನಿಗೆ ನೆನಪಿರೋದೇ ಮೂರು ಸೆಕೆಂಡು."

ಈ ಇಬ್ಬರಲ್ಲಿ ಯಾರು ಹೇಳುವುದು ಸರಿ? ಇಂದು ನಾವು ಈ ಪುಟ್ಟ ಮನೆಜಗಳವನ್ನು ವಿಜ್ಞಾನದ ಕಟಕಟೆಗೆ ತರೋಣ. ಮೇಲ್ನೋಟಕ್ಕೆ ಇದು ಹರಟೆಯ ವಿಷಯ. ಆದರೆ ಮಾತು ಬಾರದ ಜೀವಿಯೊಂದರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿ ತಿಳಿಯುವುದು ಹೇಗೆ ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. 'ಮೀನು ಗುರುತಿಸುತ್ತದೆ' ಎಂಬ ಮಾತಿನಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ಈಗ ಆಹಾರ ಬರಲಿದೆ ಎಂದು ತಿಳಿಯುವುದು. ಎರಡನೆಯದು, ಆಹಾರ ತರುವ ಜೀವಿ ಮನುಷ್ಯ ಎಂದು ತಿಳಿಯುವುದು. ಮೂರನೆಯದು, ಈ ಮನುಷ್ಯ ಬೇರೆ, ಆ ಮನುಷ್ಯ ಬೇರೆ ಎಂದು ತಿಳಿಯುವುದು. ಅಜ್ಜಿ ಹೇಳುತ್ತಿರುವುದು ಮೂರನೆಯ ಮೆಟ್ಟಿಲಿನ ಮಾತು. ಮೊಮ್ಮಗ ಮೊದಲನೆಯ ಮೆಟ್ಟಿಲನ್ನೂ ಪೂರ್ತಿಯಾಗಿ ಒಪ್ಪುತ್ತಿಲ್ಲ.

ಮೊಮ್ಮಗನ 'ಮೂರು ಸೆಕೆಂಡಿನ ನೆನಪು' ಬಹಳ ಜನ ನಂಬಿರುವ, ಆದರೆ ಯಾವ ಆಧಾರವೂ ಇಲ್ಲದ ಮಾತು. ಜೇನ್ನೊಣಗಳ ನೃತ್ಯದ ಅರ್ಥವನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ಫಾನ್ ಫ್ರಿಶ್ ಅವರ ಹೆಸರನ್ನು ನೀವು ಕೇಳಿರಬಹುದು. ಅವರು ಅದಕ್ಕೂ ಬಹಳ ಹಿಂದೆ, 1923ರಲ್ಲಿ, ಒಂದು ಕುರುಡು ಮೀಸೆಮೀನಿನ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದರು. ಮೀನುಗಳಿಗೆ ಕಿವಿಯೇ ಕೇಳಿಸುವುದಿಲ್ಲ ಎಂದು ಅನೇಕ ಪಂಡಿತರು ವಾದಿಸುತ್ತಿದ್ದ ಕಾಲ ಅದು. ಫ್ರಿಶ್ ಪ್ರತಿದಿನ ಸಿಳ್ಳೆ ಹಾಕಿ ಆ ಮೀನಿಗೆ ಆಹಾರ ಕೊಟ್ಟರು. ಕೆಲವೇ ದಿನಗಳಲ್ಲಿ, ಆಹಾರ ಕಾಣಿಸುವ ಮೊದಲೇ, ಬರಿಯ ಸಿಳ್ಳೆ ಕೇಳಿ ಮೀನು ತನ್ನ ಅಡಗುದಾಣದಿಂದ ಹೊರಬರತೊಡಗಿತು. ಕಣ್ಣಿಲ್ಲದ ಮೀನು ಕಿವಿಯಿಂದ ಕೇಳಿತು, ಕೇಳಿದ್ದನ್ನು ನೆನಪಿಟ್ಟುಕೊಂಡಿತು. ಇನ್ನು ಗೋಲ್ಡ್ ಫಿಶ್‌ನ ವಿಷಯಕ್ಕೆ ಬಂದರೆ, 2022ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ನೀರಿನ ತೊಟ್ಟಿಯನ್ನೇ ಗಾಲಿಗಳ ಮೇಲಿಟ್ಟು, ಮೀನು ಈಜಿದ ದಿಕ್ಕಿಗೆ ಗಾಡಿ ಚಲಿಸುವಂತೆ ಮಾಡಿದರು. ಗೋಲ್ಡ್ ಫಿಶ್‌ಗಳು ಆ ಗಾಡಿಯನ್ನು ನೆಲದ ಮೇಲೆ ನಡೆಸಿಕೊಂಡು ಗುರಿ ಮುಟ್ಟಲು ಕಲಿತವು. ಮೂರು ಸೆಕೆಂಡಿನ ನೆನಪಿನಿಂದ ಇದು ಸಾಧ್ಯವೇ?

ಹೀಗೆ ಮೊದಲನೆಯ ಮೆಟ್ಟಿಲನ್ನು ಮೀನು ಸುಲಭವಾಗಿ ಹತ್ತುತ್ತದೆ. ಆದರೆ ಅಜ್ಜಿಯ ಮೀನುಗಳಿಗೆ ಸಿಗುತ್ತಿರುವ 'ಸಿಳ್ಳೆ' ಯಾವುದು? ಇಲ್ಲಿಯೇ ನಾವು ಎಚ್ಚರವಾಗಿರಬೇಕು. ನಮಗೆ ಮುಖ ಮುಖ್ಯ, ಆದ್ದರಿಂದ ಮೀನಿಗೂ ಮುಖವೇ ಮುಖ್ಯ ಎಂದು ನಾವು ಊಹಿಸಿಬಿಡುತ್ತೇವೆ. ಮೀನಿನ ಇಂದ್ರಿಯಗಳು ನಮ್ಮವಲ್ಲ.

ಕಣ್ಣಿನಿಂದ ಆರಂಭಿಸೋಣ. ನಮ್ಮ ಕಣ್ಣಿನ ಮಸೂರ ಚಪ್ಪಟೆ, ಮೀನಿನದು ಗೋಲಿಯಂತೆ ಗುಂಡಗೆ. ದೂರ ಹತ್ತಿರಗಳನ್ನು ನೋಡಲು ನಾವು ಮಸೂರದ ಆಕಾರವನ್ನು ಬದಲಿಸುತ್ತೇವೆ. ಮೀನು ಮಸೂರವನ್ನೇ ಹಿಂದೆ ಮುಂದೆ ಸರಿಸುತ್ತದೆ. ಬಣ್ಣಗಳನ್ನು ಕಾಣಲು ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿದ್ದರೆ, ಗೋಲ್ಡ್ ಫಿಶ್‌ಗೆ ನಾಲ್ಕು ಬಗೆ. ಕೆಂಪು, ಹಸಿರು, ನೀಲಿಗಳ ಜೊತೆಗೆ ನಮಗೆ ಕಾಣದ ಅತಿನೇರಳೆಯೂ ಅದಕ್ಕೆ ಕಾಣುತ್ತದೆ. ಆದರೆ ಸಣ್ಣ ವಿವರಗಳನ್ನು ಬಿಡಿಸಿ ನೋಡುವ ಶಕ್ತಿ ನಮ್ಮಷ್ಟಿಲ್ಲ. ಮೇಲಾಗಿ ಬೆಳಕು ಗಾಳಿಯಿಂದ ನೀರಿಗೆ ದಾಟುವಾಗ ಬಾಗುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲ? ಹೀಗಾಗಿ ಚಪ್ಪಟೆ ಗಾಜಿನಾಚೆಯ ನಿಮ್ಮ ನಡುಮನೆಯೆಲ್ಲ ಮೀನಿಗೆ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಅಡಗಿ ಕುಳಿತಂತೆ ಕಾಣುತ್ತದೆ. ಅಂಚಿನಲ್ಲಿರುವುದು ಕುಗ್ಗುತ್ತದೆ, ನೇರ ಎದುರಿಗೆ ಹತ್ತಿರ ನಿಂತದ್ದು ಸ್ಪಷ್ಟವಾಗುತ್ತದೆ. ಅಜ್ಜಿಯ ಸೀರೆಯ ಬಣ್ಣ, ಮೈಕಟ್ಟಿನ ಆಕಾರ, ನಡೆದುಬರುವ ರೀತಿ, ಇವೆಲ್ಲ ಮುಖಕ್ಕಿಂತ ಮೊದಲೇ ಮೀನಿನ ಕಣ್ಣಿಗೆ ಬೀಳುವಂಥವು.

ಇನ್ನು ಕಿವಿ. ಮೀನಿಗೆ ಹೊರಗಿವಿಯಿಲ್ಲ, ಒಳಗಿವಿ ಇದೆ. ಗೋಲ್ಡ್ ಫಿಶ್, ನಮ್ಮ ಕಾಟ್ಲಾ, ರೋಹು, ಮೀಸೆಮೀನುಗಳಲ್ಲಿ ಗಾಳಿಚೀಲದಿಂದ ಒಳಗಿವಿಯವರೆಗೆ ಪುಟ್ಟ ಮೂಳೆಗಳ ಸರಪಳಿಯೊಂದಿರುತ್ತದೆ. ಗಾಳಿಚೀಲ ತಮಟೆಯ ಚರ್ಮದಂತೆ ಕಂಪಿಸುತ್ತದೆ, ಮೂಳೆಗಳು ಆ ಕಂಪನವನ್ನು ಕಿವಿಗೆ ಒಯ್ಯುತ್ತವೆ. ಆದರೆ ನೀವು ತೊಟ್ಟಿಯ ಮುಂದೆ ನಿಂತು ಮಾತಾಡಿದರೆ ಆ ಶಬ್ದದ ಬಹುಪಾಲು ಗಾಜು ಮತ್ತು ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ. ನೆಲದ ಮೇಲಿನ ಹೆಜ್ಜೆಯ ಅದುರಾದರೋ ಮೇಜಿನ ಕಾಲುಗಳ ಮೂಲಕ ಸಲೀಸಾಗಿ ನೀರನ್ನು ಸೇರುತ್ತದೆ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದೂ ಹಾಗೆಯೇ.

ಮೂರನೆಯದು ನಮಗೆ ಇಲ್ಲವೇ ಇಲ್ಲದ ಇಂದ್ರಿಯ, ಪಾರ್ಶ್ವರೇಖೆ. ಕಿವಿರಿನ ಅಂಚಿನಿಂದ ಬಾಲದವರೆಗೆ ಮೀನಿನ ಪಕ್ಕೆಯಲ್ಲಿ ಚುಕ್ಕೆಚುಕ್ಕೆಯ ಗೆರೆಯೊಂದನ್ನು ನೋಡಿರುತ್ತೀರಿ. ಆ ಚುಕ್ಕೆಗಳ ಒಳಗೆ ರೋಮಕೋಶಗಳಿವೆ. ಸುತ್ತಲಿನ ನೀರಿನ ಸಣ್ಣ ಅಲುಗಾಟವನ್ನೂ ಅವು ಗ್ರಹಿಸುತ್ತವೆ. ಇದು ದೂರದಿಂದಲೇ ಮುಟ್ಟಿ ನೋಡುವ ಶಕ್ತಿ ಇದ್ದಂತೆ.

ಇವೆಲ್ಲದರ ಜೊತೆಗೆ ಗಡಿಯಾರವೂ ಇದೆ. ದಿನವೂ ಒಂದೇ ಹೊತ್ತಿಗೆ ಆಹಾರ ಕೊಟ್ಟರೆ ಗೋಲ್ಡ್ ಫಿಶ್‌ಗಳು ಆ ಹೊತ್ತಿಗೆ ಮುಂಚೆಯೇ ಚುರುಕಾಗುತ್ತವೆ. ಅಂದಮೇಲೆ ಸಂಜೆ ಆರಕ್ಕೆ ಗಾಜಿನ ಬಳಿ ಸೇರಿದ ಮೀನುಗಳು ಅಜ್ಜಿಗಾಗಿಯೇ ಕಾದಿದ್ದವು ಎನ್ನುವುದು ಹೇಗೆ? ಹೊತ್ತು, ಹೆಜ್ಜೆ, ಸೀರೆ, ಡಬ್ಬಿ, ಇಷ್ಟು ಸುಳಿವುಗಳು ಒಟ್ಟಿಗೇ ಸಿಗುತ್ತಿವೆಯಲ್ಲ!

ಎರಡನೆಯ ಮೆಟ್ಟಿಲಿಗೆ ಬರೋಣ. ಮನುಷ್ಯನೆಂದರೆ ಆಹಾರ ಎಂದು ಮೀನು ಕಲಿಯುವುದನ್ನು ನೋಡಲು ನಮ್ಮ ರಾಜ್ಯದಲ್ಲಿ ದೊಡ್ಡ ಪ್ರಯೋಗಾಲಯಗಳು ಬೇಕಿಲ್ಲ. ಶೃಂಗೇರಿಗೆ ಹೋದವರು ತುಂಗಾ ನದಿಯ ಸೋಪಾನಕ್ಕೆ ಇಳಿದೇ ಇಳಿಯುತ್ತೀರಿ. ಮೆಟ್ಟಿಲ ಮೇಲೆ ಮನುಷ್ಯರ ನೆರಳು ಬಿದ್ದೊಡನೆ ದೊಡ್ಡ ದೊಡ್ಡ ಮೀನುಗಳು ಗುಂಪುಗುಂಪಾಗಿ ಬಂದು ಬಾಯಿ ತೆರೆಯುತ್ತವೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಭಕ್ತರು ಮಂಡಕ್ಕಿ ಎಸೆಯುತ್ತಾರೆ. ದಿನವೂ ಬರುವವರು ಬೇರೆ ಬೇರೆ ಜನ. ಆದ್ದರಿಂದ ಆ ಮೀನುಗಳಿಗೆ 'ಇಂಥ ಮನುಷ್ಯ' ಎಂಬ ಭೇದ ಬೇಕಾಗಿಲ್ಲ, 'ಮನುಷ್ಯ' ಎಂದರೆ ಸಾಕು. ಇದಕ್ಕೆ ತಿರುಗಾಗಿ, 1983ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯದಂತಹ ಕಡೆ ಏನಾಗುತ್ತದೆ ಯೋಚಿಸಿ. ಗಾಜಿನಾಚೆ ಸಾವಿರಾರು ಮುಖಗಳು ಹಾದುಹೋಗುತ್ತವೆ, ಆದರೆ ಆ ಮುಖಗಳಿಂದ ಆಹಾರವೂ ಇಲ್ಲ, ಅಪಾಯವೂ ಇಲ್ಲ. ಅಂತಹ ನೋಟಕ್ಕೆ ಪ್ರಾಣಿ ಒಗ್ಗಿಹೋಗುತ್ತದೆ. ಯಾವುದಕ್ಕೆ ಗಮನ ಕೊಡಬೇಕು, ಯಾವುದಕ್ಕೆ ಬೇಡ ಎಂದು ತಿಳಿಯುವುದೂ ಕಲಿಕೆಯೇ.

ಇನ್ನು ಅಜ್ಜಿಯ ಮೆಟ್ಟಿಲು. ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ಗುರುತಿಸುವ ಶಕ್ತಿ ಮೀನಿಗಿದೆಯೇ? ಮೊದಲು ಮೀನುಗಳೊಳಗೇ ನೋಡೋಣ. ನಮ್ಮ ದೇಶದ ಕೆರೆ, ಗದ್ದೆ ನೀರಿನಲ್ಲಿ ಅನಾಬಾಸ್ ಎಂಬ ಮೀನಿದೆ. ನೀರಿನಿಂದ ಹೊರಬಂದು ಒದ್ದೆ ನೆಲದ ಮೇಲೆ ತೆವಳಬಲ್ಲ ಗಟ್ಟಿಜೀವ. ಮುಂದೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿ.ವಿ. ಬಿನಾಯ್ ಅವರು ಸಹೋದ್ಯೋಗಿಯೊಡನೆ ಈ ಮೀನಿನ ಅಧ್ಯಯನವನ್ನು 2004ರಲ್ಲಿ ಪ್ರಕಟಿಸಿದರು. ಎರಡು ಗುಂಪುಗಳು ಸಮನಾಗಿದ್ದರೆ ಅನಾಬಾಸ್ ತನಗೆ ಪರಿಚಯವಿರುವವರ ಗುಂಪಿಗೆ ಹೋಗುತ್ತದೆ. ಅಪರಿಚಿತರ ಗುಂಪು ದೊಡ್ಡದಾಗಿದ್ದರೆ ಪರಿಚಯವನ್ನು ಬದಿಗಿಟ್ಟು ದೊಡ್ಡ ಗುಂಪನ್ನು ಸೇರುತ್ತದೆ. ಅಂದರೆ ಗುರುತು ಹಿಡಿಯುತ್ತದೆ, ಜೊತೆಗೆ ಲಾಭನಷ್ಟವನ್ನೂ ತೂಗಿ ನೋಡುತ್ತದೆ. 2015ರಲ್ಲಿ ಜಪಾನಿನ ಸಂಶೋಧಕರು ಆಫ್ರಿಕದ ಟ್ಯಾಂಗನೀಕ ಸರೋವರದ ಒಂದು ಬಗೆಯ ಮೀನಿನ ಚಿತ್ರಗಳಲ್ಲಿ ಮುಖಗಳನ್ನು ಅದಲುಬದಲು ಮಾಡಿ ತೋರಿಸಿದರು. ಮೈ ಪರಿಚಿತರದ್ದಾಗಿದ್ದರೂ ಮುಖ ಅಪರಿಚಿತರದ್ದಾಗಿದ್ದರೆ ಮೀನು ಎಚ್ಚರವಾಗುತ್ತಿತ್ತು. ಅವು ನೋಡುತ್ತಿದ್ದದ್ದು ಮುಖದ ಬಣ್ಣದ ಗೆರೆಗಳನ್ನು.

ಮನುಷ್ಯರ ಮುಖದ ಕತೆಯೇನು? ಇಲ್ಲಿ ನಮಗೆ ನೆರವಾಗುವುದು ಬಿಲ್ಲುಗಾರ ಮೀನು. ಇದು ನೀರಿನ ಮೇಲೆ ಬಾಗಿದ ಎಲೆಯ ಮೇಲಿನ ಕೀಟಕ್ಕೆ ಬಾಯಿಂದ ನೀರಿನ ಪಿಚಕಾರಿ ಹೊಡೆದು ಬೀಳಿಸಿ ತಿನ್ನುತ್ತದೆ. 2016ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯಗಳ ಸಂಶೋಧಕರು ತೊಟ್ಟಿಯ ಮೇಲೆ ಪರದೆಯೊಂದನ್ನಿಟ್ಟು ಎರಡು ಮುಖಗಳನ್ನು ತೋರಿಸಿದರು. ಒಂದು ನಿರ್ದಿಷ್ಟ ಮುಖಕ್ಕೆ ಪಿಚಕಾರಿ ಹೊಡೆದರೆ ಆಹಾರ. ಮೀನುಗಳು ಇದನ್ನು ಕಲಿತ ಮೇಲೆ ಆ ಮುಖವನ್ನು 44 ಹೊಸ ಮುಖಗಳ ಎದುರು ಇಟ್ಟು ನೋಡಿದರು. ಶೇಕಡ 81ರಷ್ಟು ಸಲ ಮೀನುಗಳು ಸರಿಯಾದ ಮುಖವನ್ನೇ ಆರಿಸಿದವು. ತಲೆಯ ಆಕಾರ, ಬಣ್ಣ, ಹೊಳಪುಗಳ ಸುಳಿವು ಸಿಗದಂತೆ ಕಪ್ಪುಬಿಳುಪಿನ ಒಂದೇ ಬಗೆಯ ಚಿತ್ರಗಳನ್ನು ಕೊಟ್ಟಾಗಲೂ ಶೇಕಡ 86ರಷ್ಟು ಸಲ ಸರಿಯಾಗಿಯೇ ಉತ್ತರಿಸಿದವು. ಮುಖವನ್ನು ಪಕ್ಕಕ್ಕೆ ತಿರುಗಿಸಿ ತೋರಿಸಿದರೂ ಗುರುತಿಸಬಲ್ಲವೆಂದು 2018ರಲ್ಲಿ ಅದೇ ತಂಡದವರು ತೋರಿಸಿದರು. ನಮ್ಮಲ್ಲಿ ಮುಖಗಳನ್ನು ಗುರುತಿಸಲು ಮೆದುಳಿನ ಹೊರಪದರದಲ್ಲಿ ಪ್ರತ್ಯೇಕ ಭಾಗಗಳೇ ಇವೆ. ಮೀನಿಗೆ ಅಂತಹ ಹೊರಪದರವೇ ಇಲ್ಲ. ಆದರೂ ತರಬೇತಿ ಸಿಕ್ಕರೆ ಕೆಲಸ ನಡೆಯುತ್ತದೆ.

ಹಾಗಾದರೆ ಅಜ್ಜಿ ಗೆದ್ದರೇ? ತಡೆಯಿರಿ. ಮಾಡಬಲ್ಲದು ಎನ್ನುವುದು ಒಂದು, ದಿನನಿತ್ಯ ಹಾಗೆಯೇ ಮಾಡುತ್ತದೆ ಎನ್ನುವುದು ಇನ್ನೊಂದು. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸಿತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಮೆಡಿಟರೇನಿಯನ್ ಸಮುದ್ರದಲ್ಲಿ, ಯಾರೂ ಸಾಕದ ಕಾಡುಮೀನುಗಳ ನಡುವೆ ಮುಳುಗಿದರು. ತಮ್ಮ ಹಿಂದೆ ಈಜಿ ಬಂದರೆ ಆಹಾರ ಸಿಗುತ್ತದೆಂದು ಮೀನುಗಳಿಗೆ ಕಲಿಸಿದರು. ಆಮೇಲೆ ಇಬ್ಬರು ಮುಳುಗುಗಾರರು ಬೇರೆ ಬೇರೆ ದಿಕ್ಕಿಗೆ ಈಜಿದರು. ಒಬ್ಬರು ಆಹಾರ ಕೊಡುವವರು, ಇನ್ನೊಬ್ಬರು ಕೊಡದವರು. ಮೊದಲು ಮೀನುಗಳು ಇಬ್ಬರ ಹಿಂದೆಯೂ ಹೋದವು. ದಿನ ಕಳೆದಂತೆ ಆಹಾರ ಕೊಡುವವರನ್ನೇ ಆರಿಸಿಕೊಂಡವು. ಆದರೆ ಇಬ್ಬರೂ ಒಂದೇ ಬಗೆಯ ಉಡುಪು ತೊಟ್ಟಾಗ ಮೀನುಗಳಿಗೆ ಗೊತ್ತಾಗಲಿಲ್ಲ! ಅವು ಗುರುತಿಟ್ಟುಕೊಂಡದ್ದು ಉಡುಪಿನ ಬಣ್ಣಗಳ ವ್ಯತ್ಯಾಸವನ್ನು.

ನಗಬೇಡಿ, ನಾವೂ ಇದನ್ನೇ ಮಾಡುತ್ತೇವೆ. ವಿಜಯನಗರದ ಬಸ್ಸಿನಲ್ಲಿ ದಿನವೂ ಚೀಟಿ ಕೊಡುವ ನಿರ್ವಾಹಕರನ್ನು ಖಾಕಿ ಸಮವಸ್ತ್ರದಲ್ಲಿ ತಟ್ಟನೆ ಗುರುತಿಸುತ್ತೀರಿ. ಅದೇ ವ್ಯಕ್ತಿ ಭಾನುವಾರ ಪಂಚೆಯುಟ್ಟು ತರಕಾರಿ ಕೊಳ್ಳುತ್ತಿದ್ದರೆ 'ಎಲ್ಲೋ ನೋಡಿದ ಹಾಗಿದೆಯಲ್ಲ' ಎಂದು ತಲೆ ಕೆರೆದುಕೊಳ್ಳುತ್ತೀರಿ. ಸುಲಭವಾದ ಸುಳಿವು ಸಿಗುತ್ತಿರುವಾಗ ಕಷ್ಟದ ಸುಳಿವನ್ನು ಹುಡುಕುವ ಗೋಜಿಗೆ ಯಾವ ಜೀವಿಯೂ ಹೋಗುವುದಿಲ್ಲ.

ಈಗ ನಮ್ಮ ರಾಜಾಜಿನಗರದ ತೊಟ್ಟಿಗೆ ಮರಳೋಣ. ಅಲ್ಲಿನ ಆ ನಾಲ್ಕು ಮೀನುಗಳು ಯಾವ ಮೆಟ್ಟಿಲಿನಲ್ಲಿವೆ? ಇದಕ್ಕೆ ಉತ್ತರ ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಮೀನುಗಳನ್ನೇ ಕೇಳಬೇಕು. ಕೇಳುವ ವಿಧಾನ ಸರಳ. ಬಸವೇಶ್ವರನಗರವಿರಲಿ, ಕೆಂಗೇರಿ ಉಪನಗರವಿರಲಿ, ಮನೆಯಲ್ಲಿ ತೊಟ್ಟಿಯಿರುವ ಯಾರಾದರೂ ಇದನ್ನು ಮಾಡಬಹುದು.

ಎರಡು ವಾರಗಳ ಕಾಲ ಒಬ್ಬರೇ ಆಹಾರ ಕೊಡಲಿ. ಸುಮಾರು ಅದೇ ಎತ್ತರದ ಇನ್ನೊಬ್ಬರು ದಿನವೂ ಅಷ್ಟೇ ಹೊತ್ತು ತೊಟ್ಟಿಯ ಮುಂದೆ ನಿಲ್ಲಲಿ, ಆದರೆ ಆಹಾರ ಕೊಡದಿರಲಿ. ಪರೀಕ್ಷೆಯ ದಿನ ಇಬ್ಬರೂ ಒಂದೇ ಬಣ್ಣದ ಉಡುಪು ತೊಡಲಿ. ಶಾಲಾ ಸಮವಸ್ತ್ರ ಇದಕ್ಕೆ ಹೇಳಿ ಮಾಡಿಸಿದ್ದು. ಬರಿಗಾಲಿನಲ್ಲಿ ಮೆಲ್ಲಗೆ ಬರಲಿ. ಕೈಯಲ್ಲಿ ಡಬ್ಬಿ ಬೇಡ. ಹೊತ್ತು ಆಹಾರದ ಹೊತ್ತಾಗಿರಬಾರದು. ಯಾರು ಮೊದಲು ನಿಲ್ಲಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಒಂದೊಂದು ಸಲವೂ ಮೂವತ್ತು ಸೆಕೆಂಡು ನಿಂತಾಗ ಎಷ್ಟು ಮೀನುಗಳು ತೊಟ್ಟಿಯ ಮುಂದಿನ ಅರ್ಧಕ್ಕೆ ಬಂದವೆಂದು ಎಣಿಸಿ. ಮೊಬೈಲಿನಲ್ಲಿ ತೊಟ್ಟಿ ಮಾತ್ರ ಕಾಣುವಂತೆ ಚಿತ್ರಿಸಿಕೊಂಡು, ಮುಂದೆ ನಿಂತವರು ಯಾರೆಂದು ತಿಳಿಯದ ಮೂರನೆಯವರಿಂದ ಎಣಿಸಿದರೆ ಇನ್ನೂ ಒಳ್ಳೆಯದು. ಏಕೆಂದರೆ ನಮಗೆ ಬೇಕಾದ ಉತ್ತರವನ್ನು ನಮ್ಮ ಕಣ್ಣು ಹೆಚ್ಚಾಗಿ ಕಾಣುತ್ತದೆ. ದಿನಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಪರೀಕ್ಷೆ ಬೇಡ. ಇಲ್ಲದಿದ್ದರೆ 'ಇವರು ಬಂದರೂ ಏನೂ ಸಿಗುವುದಿಲ್ಲ' ಎಂಬ ಹೊಸ ಪಾಠವನ್ನು ಮೀನು ಕಲಿತುಬಿಡುತ್ತದೆ. ಒಬ್ಬೊಬ್ಬರಿಗೂ ಹತ್ತಿಪ್ಪತ್ತು ಸಲದ ಲೆಕ್ಕ ಸಿಕ್ಕ ಮೇಲೆ ಹೋಲಿಸಿ ನೋಡಿ. ಆಹಾರ ಕೊಡುವವರಿಗೇ ಮೀನುಗಳು ಮತ್ತೆ ಮತ್ತೆ ಹೆಚ್ಚಾಗಿ ಬಂದರೆ ಅಜ್ಜಿಯ ಮಾತಿಗೆ ಬಲ ಬಂತು. ವ್ಯತ್ಯಾಸ ಕಾಣದಿದ್ದರೆ ಉಡುಪು, ಹೆಜ್ಜೆ, ಹೊತ್ತು, ಡಬ್ಬಿಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ಮೀನು ಎದ್ದು ಬಂತೋ ಅದೇ ಅದರ ಪಾಲಿಗೆ ನಿಮ್ಮ ಗುರುತು.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ ಎನ್ನುತ್ತೀರಾ? ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶಿಶಿಲ ಎಂಬ ಊರಿದೆ. ಅಲ್ಲಿ ಶಿಶಿಲೇಶ್ವರ ದೇವಾಲಯದ ಮುಂದೆ ಹರಿಯುವ ಕಪಿಲಾ ಹೊಳೆಯ ದೇವರ ಮೀನುಗಳು ತಲೆತಲಾಂತರದಿಂದ ಮನುಷ್ಯರ ಕೈಯ ಆಹಾರಕ್ಕೆ ಬರುತ್ತವೆ. 1996ರಲ್ಲಿ ದುಷ್ಕರ್ಮಿಗಳು ಆ ನೀರಿಗೆ ವಿಷ ಬೆರೆಸಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಊರಿನವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು. ಮನುಷ್ಯನೆಂದರೆ ಆಹಾರ ಎಂದು ಕಲಿತ ಮೀನಿಗೆ, ಎಲ್ಲ ಮನುಷ್ಯರೂ ಒಂದೇ ಅಲ್ಲ ಎಂದು ಕಲಿಯಲು ಅವಕಾಶವೇ ಸಿಗುವುದಿಲ್ಲ. ನಮ್ಮನ್ನು ನಂಬುವುದನ್ನು ಕಲಿಸಿದವರು ನಾವು. ಆದ್ದರಿಂದ ಆ ನಂಬಿಕೆಯ ಹೊಣೆಯೂ ನಮ್ಮದೇ.

ಮನೆಯ ತೊಟ್ಟಿಗೂ ಈ ಮಾತು ಸಲ್ಲುತ್ತದೆ. ಗಾಜನ್ನು ಬೆರಳಿನಿಂದ ಕುಟ್ಟುವುದು ನಮಗೆ ಆಟ. ಪಾರ್ಶ್ವರೇಖೆಯಿರುವ ಜೀವಿಗೆ ಅದು ಮೈಮೇಲೆ ಬಿದ್ದ ಪೆಟ್ಟು. ಆಹಾರ ಕೊಡುವವರನ್ನು ಕಲಿಯಬಲ್ಲ ಮೀನು ಕಾಟ ಕೊಡುವವರನ್ನೂ ಕಲಿಯಬಲ್ಲದು. ಕೈಯಗಲದ ಗುಂಡು ಗಾಜಿನ ಬಟ್ಟಲಿನಲ್ಲಿ ನೀರಿಗೆ ಸೇರುವ ಗಾಳಿಯೂ ಕಡಿಮೆ, ಹೊರಗಿನ ನೋಟವೂ ವಕ್ರ. ಅಗಲವಾದ ತೊಟ್ಟಿ, ಕ್ಲೋರಿನ್ ಹೋಗಲೆಂದು ಒಂದು ದಿನ ತೆರೆದಿಟ್ಟ ನಲ್ಲಿ ನೀರು, ಹಿತಮಿತವಾದ ಆಹಾರ, ಇಷ್ಟು ಕೊಡಲಾಗದಿದ್ದರೆ ಮೀನನ್ನು ತಾರದಿರುವುದೇ ಒಳ್ಳೆಯದು. ಬೇಸರವಾಯಿತೆಂದು ಹತ್ತಿರದ ಕೆರೆಗೆ ಬಿಡುವುದಂತೂ ಬೇಡವೇ ಬೇಡ. ತೊಟ್ಟಿಯಿಂದ ಹೊರಬಿದ್ದ ಪರದೇಶದ ಮೀನುಗಳು ಭಾರತದ ಎಷ್ಟೋ ಜಲಾಶಯಗಳಲ್ಲಿ ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ.

ಕೊನೆಗೆ ತೀರ್ಪು. ಮೀನು ಕಲಿಯುತ್ತದೆ, ನೆನಪಿಡುತ್ತದೆ, ಕಾಯುತ್ತದೆ, ತಕ್ಕ ಸುಳಿವು ಸಿಕ್ಕರೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುತ್ತದೆ ಎಂಬಲ್ಲಿಯವರೆಗೆ ಅಜ್ಜಿ ಗೆದ್ದರು. ಮುಖವನ್ನೇ ನೋಡಿ ಬಂತೆಂದು ಪರೀಕ್ಷಿಸದೆ ಹೇಳಲಾಗದು ಎಂಬಲ್ಲಿ ಮೊಮ್ಮಗ ಗೆದ್ದ. 'ಪ್ರೀತಿ'ಯನ್ನು ಅಳೆಯುವ ಮಾಪನ ಮಾತ್ರ ಇಬ್ಬರ ಬಳಿಯೂ ಇಲ್ಲ. ನಾಳೆ ಸಂಜೆ ಮೊಮ್ಮಗ ಅಜ್ಜಿಯ ಪಕ್ಕದಲ್ಲಿ ಕುಳಿತು, ನಾಣ್ಯ ಚಿಮ್ಮಿ, ಲೆಕ್ಕ ಬರೆದುಕೊಳ್ಳಲು ಆರಂಭಿಸಲಿ. ನೀವೂ ನಿಮ್ಮ ಮನೆಯಲ್ಲಿ ಆರಂಭಿಸಿ. ಉತ್ತರ ಏನೇ ಬರಲಿ, ತೊಟ್ಟಿಯ ಒಳಗಿನಿಂದ ನಮ್ಮನ್ನು ನೋಡುವ ಒಂದು ಕಣ್ಣಿದೆ ಎಂಬುದನ್ನು ಮಾತ್ರ ಆಮೇಲೆ ನೀವು ಮರೆಯಲಾರಿರಿ.